ದಾದಿಯ ಕೈಗೆ ಬಂದ ಪುಟ್ಟ ಪರದೆ

ಬೀದರ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಎಂದೊಡನೆ ತಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರಗಳು ಯಾವುವು? ಚಾಲುಕ್ಯರ ಕೋಟೆ, ಹನ್ನೆರಡನೆಯ ಶತಮಾನದ ಶರಣರ ಅನುಭವ ಮಂಟಪ, ಹುಮನಾಬಾದಿನ ವೀರಭದ್ರೇಶ್ವರ ದೇವಾಲಯ, ಅದರ ಸಮೀಪದ ಮಾಣಿಕನಗರ. ಪುಣೆಯಿಂದ ಹೈದರಾಬಾದಿಗೆ ಸಾಗುವ ಹೆದ್ದಾರಿ ಈ ಸೀಮೆಯನ್ನು ಹಾದು ಹೋಗುತ್ತದೆ. ಕನ್ನಡ, ಮರಾಠಿ, ದಖನಿ ಉರ್ದು ಇಲ್ಲಿ ಒಂದೇ ಸಂತೆಯಲ್ಲಿ ಕೇಳಿಬರುತ್ತವೆ. ಇತಿಹಾಸ ಬರೆದವರು ಅರಸರ ಶಾಸನಗಳನ್ನು ಓದಿದರು, ಶರಣರ ವಚನಗಳನ್ನು ಓದಿದರು, ನಿಜಾಮರ ಫರ್ಮಾನುಗಳನ್ನೂ ಓದಿದರು. ಆದರೆ ಈ ನಾಡಿನ ಮನೆಮನೆಯ ಬಾಗಿಲಿಗೆ ನಡೆದು ಹೋದ ಇನ್ನೊಂದು ಬರಹವಿದೆ. ಅದು ದಾದಿಯ ಕೈಯಲ್ಲಿದ್ದ ದಾಖಲೆ ಪುಸ್ತಕ. ಆ ಪುಸ್ತಕ ಈಗ ಕ್ರಮೇಣ ಅಂಗೈಯಗಲದ ಪರದೆಯಾಗಿ ಮಾರ್ಪಡುತ್ತಿದೆ.

ಈ ಮಾರ್ಪಾಟು ಅತ್ಯಂತ ಸ್ಪಷ್ಟವಾಗಿ ಕಾಣುವುದು ಮಧುಮೇಹದ ಆರೈಕೆಯಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಂದಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ವಯಸ್ಕರಲ್ಲಿ ಇವರ ಪ್ರಮಾಣ ನೂರಕ್ಕೆ 11.4. ಇನ್ನೂ 13 ಕೋಟಿಗೂ ಹೆಚ್ಚು ಮಂದಿ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ಹೀಗಿರುವಾಗ ಅದನ್ನು ಸಿರಿವಂತರ ಕಾಯಿಲೆ ಎನ್ನುವಂತಿಲ್ಲ, ಪಟ್ಟಣದ ಕಾಯಿಲೆ ಎಂದು ಹಳ್ಳಿಯವರು ನಿಶ್ಚಿಂತರಾಗಿರುವಂತೆಯೂ ಇಲ್ಲ. ಇಷ್ಟು ಜನರನ್ನು ವೈದ್ಯರು ಮಾತ್ರವೇ ನೋಡಿಕೊಳ್ಳುವುದು ಅಸಾಧ್ಯ. ಹಾಗಾಗಿ ಭಾರವು ದಾದಿಯ ಹೆಗಲಿಗೆ ಬಂದಿದೆ, ಅವಳ ಕೈಗೆ ಯಂತ್ರವೂ ಬಂದಿದೆ. ಆ ಯಂತ್ರ ಅವಳ ಸೇವೆಯನ್ನು ಹಿರಿದಾಗಿಸುವುದೋ, ಕಿರಿದಾಗಿಸುವುದೋ? ಈ ಪ್ರಶ್ನೆಗೆ ಇತಿಹಾಸ ಏನನ್ನುತ್ತದೆ ಎಂಬುದನ್ನು ತಮ್ಮೊಡನೆ ಪರಿಶೀಲಿಸುವುದೇ ಈ ಬರಹದ ಉದ್ದೇಶ.

ಕಲ್ಯಾಣದ ಭೋಜನ, ಕಲ್ಯಾಣದ ವೈದ್ಯ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ 'ಮಾನಸೋಲ್ಲಾಸ' ಎಂಬ ವಿಶ್ವಕೋಶದಂತಹ ಸಂಸ್ಕೃತ ಗ್ರಂಥವನ್ನು ರಚಿಸಿದನು. ಅದರಲ್ಲಿ ಅರಸನ ಊಟೋಪಚಾರಕ್ಕೆ ಮೀಸಲಾದ ಭಾಗವೇ ಇದೆ. ಬಗೆಬಗೆಯ ಖಾದ್ಯಗಳ, ಸಿಹಿತಿನಿಸುಗಳ ವಿವರಗಳನ್ನು ಅಲ್ಲಿ ಕಾಣಬಹುದು. ಒಂದು ಕಾಲಕ್ಕೆ ಅರಮನೆಯ ಪಂಕ್ತಿಯಲ್ಲಿ ಮಾತ್ರ ಸುಲಭವಾಗಿದ್ದ ಸಿಹಿ ಇಂದು ಕಬ್ಬು ಬೆಳೆಯುವ ಇದೇ ನಾಡಿನ ಬಡವನ ಚಹಾದ ಬಟ್ಟಲಿನಲ್ಲೂ ದಿನಕ್ಕೆ ನಾಲ್ಕೈದು ಬಾರಿ ಕರಗುತ್ತಿದೆ. ಜೋಳದ ರೊಟ್ಟಿಯ ಜಾಗವನ್ನು ಬಿಳಿ ಅಕ್ಕಿ ಆಕ್ರಮಿಸಿತು, ಕಾಲ್ನಡಿಗೆಯ ಜಾಗವನ್ನು ದ್ವಿಚಕ್ರ ವಾಹನ ಆಕ್ರಮಿಸಿತು. ರೋಗವು ಬಂದ ಹಾದಿ ಇದೇ.

ಬಸವಣ್ಣನವರ ಕಾಲದ ವಚನಕಾರರ ಸಾಲಿನಲ್ಲಿ ವೈದ್ಯ ಸಂಗಣ್ಣ ಎಂಬ ಶರಣನ ಹೆಸರೂ ಇದೆ. ವೈದ್ಯವೃತ್ತಿಯೇ ಅವನ ಕಾಯಕ. ರೋಗ, ಔಷಧ, ಪಥ್ಯಗಳ ಪರಿಭಾಷೆಯನ್ನೇ ಬಳಸಿಕೊಂಡು ಅವನು ಆತ್ಮದ ಆರೋಗ್ಯವನ್ನು ಕುರಿತು ಮಾತನಾಡಿದನು. ದೇಹದ ಚಿಕಿತ್ಸೆಯೂ ಆತ್ಮದ ಸಾಧನೆಯೂ ಬೇರೆಬೇರೆಯಲ್ಲ ಎಂಬ ಅರಿವು ಈ ಮಣ್ಣಿಗೆ ಹೊಸದಲ್ಲ.

ಅದಕ್ಕೂ ಹಿಂದೆ ಹೋದರೆ, ಸುಶ್ರುತ ಸಂಹಿತೆಯು ಪ್ರಮೇಹವನ್ನು ಎರಡು ಬಗೆಯಾಗಿ ವಿಂಗಡಿಸಿದ್ದನ್ನು ಕಾಣುತ್ತೇವೆ: ಹುಟ್ಟಿನಿಂದಲೇ ಬರುವುದು ಒಂದು, ಅಪಥ್ಯದಿಂದ ಬರುವುದು ಇನ್ನೊಂದು. ಮೊದಲನೆಯ ಬಗೆಯ ರೋಗಿ ಕೃಶನು, ಎರಡನೆಯವನು ಸ್ಥೂಲನು ಎಂದೂ ಅದು ಗುರುತಿಸಿದೆ. ಇಂದಿನ ವೈದ್ಯಶಾಸ್ತ್ರದ ಒಂದನೆಯ ಮತ್ತು ಎರಡನೆಯ ಬಗೆಯ ಮಧುಮೇಹಗಳ ವಿಂಗಡಣೆಗೆ ಇದು ಎಷ್ಟು ಸಮೀಪವಾಗಿದೆ ನೋಡಿರಿ. ಚರಕ ಸಂಹಿತೆಯಲ್ಲಿ ಇನ್ನೂ ಗಮನಾರ್ಹವಾದ ವಿಚಾರವೊಂದಿದೆ. ಚಿಕಿತ್ಸೆಗೆ ನಾಲ್ಕು ಪಾದಗಳು: ವೈದ್ಯ, ಔಷಧ, ಉಪಚಾರಕ ಮತ್ತು ರೋಗಿ. ಆ ಉಪಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ಜ್ಞಾನ, ದಕ್ಷತೆ, ರೋಗಿಯ ಮೇಲಿನ ಅನುರಾಗ ಮತ್ತು ಶುಚಿತ್ವ. ಇಂದಿನ ಯಂತ್ರಗಳು ಈ ನಾಲ್ಕರಲ್ಲಿ ಮೊದಲೆರಡಕ್ಕೆ ನೆರವಾಗಬಲ್ಲವು. ಅನುರಾಗವನ್ನು ಮಾತ್ರ ಯಾವ ಯಂತ್ರದಿಂದಲೂ ಪಡೆಯಲಾಗದು. ಈ ಮಾತನ್ನು ತಾವು ನೆನಪಿನಲ್ಲಿರಿಸಿಕೊಳ್ಳಬೇಕು, ಮುಂದೆ ಅದರ ಅಗತ್ಯ ಬೀಳುತ್ತದೆ.

ದೀಪ ಹಿಡಿದವರು ನಮ್ಮ ನಾಡಿಗೆ ಬಂದದ್ದು

ದಾದಿಯ ವೃತ್ತಿಗೆ ಆಧುನಿಕ ರೂಪ ದೊರೆತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್‌ನಲ್ಲಿ ಪಾಸ್ಟರ್ ಥಿಯೊಡೋರ್ ಫ್ಲೀಡ್ನರ್ ಅವರು ಸೇವಾಭಗಿನಿಯರ ತರಬೇತಿ ಕೇಂದ್ರವನ್ನು ತೆರೆದರು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ಅಲ್ಲಿಯೇ ಕಲಿತರು, 1860ರಲ್ಲಿ ಲಂಡನ್ನಿನ ಸಂತ ತೋಮಸರ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದರು. ಆಕೆ ಕೈಯಲ್ಲಿ ಹಿಡಿದ ದೀಪವನ್ನು ಎಲ್ಲರೂ ಬಲ್ಲರು. ಇನ್ನೊಂದು ಕೈಯಲ್ಲಿದ್ದ ಅಂಕಿಅಂಶಗಳ ಪಟ್ಟಿಯನ್ನು ಬಲ್ಲವರು ಕಡಿಮೆ. ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ರೋಗರುಜಿನಗಳಿಂದ ಸಾಯುತ್ತಿದ್ದಾರೆಂಬುದನ್ನು ಆಕೆ ಅಂಕಿಗಳಿಂದಲೇ ಸಾಧಿಸಿ ತೋರಿಸಿದರು. ದಾದಿಗೂ ದತ್ತಾಂಶಕ್ಕೂ ನಂಟು ಬೆಳೆದದ್ದು ಗಣಕಯಂತ್ರ ಬಂದ ಮೇಲಲ್ಲ. ಆ ನಂಟು ವೃತ್ತಿಯಷ್ಟೇ ಹಳೆಯದು.

ಕರ್ನಾಟಕದಲ್ಲಿ ಈ ಸೇವೆಯ ಬೀಜ ಬಿತ್ತಿದವರಲ್ಲಿ ಕ್ರೈಸ್ತ ಸಂಸ್ಥೆಗಳ ಪಾತ್ರ ದೊಡ್ಡದು. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರ ಸೇವೆ ಆರಂಭವಾಯಿತು. 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಸಭೆಯ ಕನ್ಯಾಭಗಿನಿಯರು ಸಂತ ಮಾರ್ತಮ್ಮನವರ ಆಸ್ಪತ್ರೆಯನ್ನು ತೆರೆದರು. 1906ರಲ್ಲಿ ಮೈಸೂರಿನಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1923ರಲ್ಲಿ ಉಡುಪಿಯಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಅವರ ಆಸ್ಪತ್ರೆ ತಲೆಯೆತ್ತಿದವು. ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿನಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಸೇವೆಗೆ ತೊಡಗಿದರು. ಮೇಲ್ವರ್ಗದ ಕುಟುಂಬಗಳು ತಮ್ಮ ಹೆಣ್ಣುಮಕ್ಕಳನ್ನು ಈ ವೃತ್ತಿಗೆ ಕಳುಹಿಸಲು ಹಿಂಜರಿಯುತ್ತಿದ್ದ ಕಾಲವದು. ಅನ್ಯರ ರಕ್ತ, ಕೀವು, ಮಲಮೂತ್ರಗಳನ್ನು ಮುಟ್ಟುವುದನ್ನು ಮೈಲಿಗೆಯೆಂದು ಬಗೆದ ಸಮಾಜದಲ್ಲಿ, ಅದನ್ನೇ ಸೇವೆಯೆಂದು ಕೈಗೆತ್ತಿಕೊಂಡವರಲ್ಲಿ ಬಹುಪಾಲು ಕ್ರೈಸ್ತ ಹೆಣ್ಣುಮಕ್ಕಳು. ಅವರಲ್ಲಿ ಅನೇಕರ ಹೆಸರುಗಳು ಯಾವ ಫಲಕದ ಮೇಲೂ ಇಲ್ಲ.

ಆದರೂ ಅವರ ಸಂಖ್ಯೆ ತೀರ ಅಲ್ಪವಾಗಿತ್ತು. ಸರ್ ಜೋಸೆಫ್ ಭೋರ್ ಅವರ ಸಮಿತಿ 1946ರಲ್ಲಿ ವರದಿ ಸಲ್ಲಿಸಿದಾಗ ಅವಿಭಜಿತ ಭಾರತದಲ್ಲಿದ್ದ ದಾದಿಯರು ಸುಮಾರು 7,000. ಎಂದರೆ 43,000 ಜನರಿಗೆ ಒಬ್ಬ ದಾದಿ! ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಕನ್ನಡ ನಾಡನ್ನು ಸೇರಿದಾಗ, ಆರೋಗ್ಯದ ವಿಷಯದಲ್ಲಿ ಈ ಪ್ರದೇಶ ಹಿಂದೆ ಉಳಿದ ನಾಡಾಗಿತ್ತು. ಬೀದರಿಗೆ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯ ಬಂದದ್ದು 2007ರಲ್ಲಿ. ಬೀದರ, ಕಲಬುರಗಿ, ಯಾದಗಿರಿ ಸೀಮೆಗೆ ಪ್ರತ್ಯೇಕ ಧರ್ಮಪ್ರಾಂತ್ಯ ದೊರೆತದ್ದೂ 2005ರಲ್ಲಿ. ಇಲ್ಲಿ ಎಲ್ಲವೂ ಸ್ವಲ್ಪ ತಡವಾಗಿಯೇ ಬಂದಿವೆ. ರೋಗವು ಮಾತ್ರ ತಡಮಾಡಲಿಲ್ಲ.

ಪ್ರನಾಳದಿಂದ ಪರದೆಯವರೆಗೆ

ಈಗ ಉಪಕರಣಗಳ ಕಥೆಗೆ ಬರೋಣ. ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಮಧುಮೇಹವನ್ನು ಅಳೆಯಲು ದಾದಿಯ ಬಳಿ ಇದ್ದದ್ದು ಒಂದು ಗಾಜಿನ ಪ್ರನಾಳ, ಒಂದು ದೀಪ, ಒಂದು ನೀಲಿ ದ್ರಾವಣ. ಅಮೆರಿಕದ ರಸಾಯನಶಾಸ್ತ್ರಜ್ಞ ಸ್ಟ್ಯಾನ್ಲಿ ಬೆನೆಡಿಕ್ಟ್ ಅವರ ಹೆಸರಿನ ಆ ದ್ರಾವಣವನ್ನು 5 ಮಿಲಿಲೀಟರಿನಷ್ಟು ತೆಗೆದುಕೊಂಡು, ಎಂಟು ಹನಿ ಮೂತ್ರ ಬೆರೆಸಿ ಕುದಿಸಬೇಕು. ಬಣ್ಣ ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆಯ ಕೆಂಪು, ಹೀಗೆ ಬಣ್ಣ ಏರಿದಂತೆಲ್ಲ ಸಕ್ಕರೆಯೂ ಏರಿದೆ ಎಂದರ್ಥ. ಈ ಪರೀಕ್ಷೆಗೆ ದೊಡ್ಡ ಮಿತಿಯೊಂದಿತ್ತು. ರಕ್ತದಲ್ಲಿನ ಸಕ್ಕರೆ ಸುಮಾರು 180 ಮಿಲಿಗ್ರಾಂ ಮೀರಿದ ಮೇಲೆಯೇ ಅದು ಮೂತ್ರದಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲವು ಗಂಟೆಗಳ ಹಿಂದಿನ ಸುದ್ದಿಯನ್ನಷ್ಟೇ ಅದು ಹೇಳುತ್ತದೆ.

1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಫ್ರೆಡರಿಕ್ ಬಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ ಹದಿನಾಲ್ಕರ ಬಾಲಕನಿಗೆ ಅದನ್ನು ಮೊದಲ ಬಾರಿ ಚುಚ್ಚಲಾಯಿತು. ಸಾವಿನಂಚಿನಲ್ಲಿದ್ದ ಹುಡುಗ ಬದುಕಿದ. ಲೋಕವೆಲ್ಲ ಹರ್ಷಿಸಿತು. ಆದರೆ ಆ ದಿನದಿಂದ ಹೊಸ ಸಮಸ್ಯೆಯೂ ಹುಟ್ಟಿತು. ಮೊದಲು ಮಧುಮೇಹಿ ಬೇಗನೆ ಸಾಯುತ್ತಿದ್ದ. ಇನ್ನು ಮುಂದೆ ಅವನು ದಶಕಗಳ ಕಾಲ ರೋಗದೊಡನೆ ಬಾಳಬೇಕು, ಪ್ರತಿದಿನವೂ ಚುಚ್ಚಿಕೊಳ್ಳಬೇಕು, ಅಳೆಯಬೇಕು, ಪಥ್ಯ ಪಾಲಿಸಬೇಕು. ಇದನ್ನು ಕಲಿಸುವವರು ಯಾರು? ಬಾಸ್ಟನ್ನಿನ ವೈದ್ಯ ಎಲಿಯಟ್ ಜೋಸ್ಲಿನ್ ಅವರು ಇದಕ್ಕೆ ಉತ್ತರ ಕಂಡುಕೊಂಡರು. 1918ರಲ್ಲಿಯೇ ರೋಗಿಗಳಿಗಾಗಿ ಕೈಪಿಡಿ ಬರೆದಿದ್ದ ಅವರು, ಇನ್ಸುಲಿನ್ ಬಂದ ಮೇಲೆ ದಾದಿಯರಿಗೆ ತರಬೇತಿ ನೀಡಿ ಮನೆಗಳಿಗೆ ಕಳುಹಿಸಿದರು. ಮಧುಮೇಹದ ಚಿಕಿತ್ಸೆಯೆಂದರೆ ಬೋಧನೆ, ಆ ಬೋಧಕಿ ದಾದಿ ಎಂಬ ತಿಳಿವಳಿಕೆ ಅಲ್ಲಿಂದ ಬೆಳೆಯಿತು.

1965ರಲ್ಲಿ ರಕ್ತದ ಹನಿಯಿಂದ ಸಕ್ಕರೆ ತಿಳಿಸುವ ಕಾಗದದ ಪಟ್ಟಿ ಬಂದಿತು. 1970ರಲ್ಲಿ ಆ ಪಟ್ಟಿಯ ಬಣ್ಣವನ್ನು ಓದುವ ಯಂತ್ರ ಬಂದಿತು. ಅದರ ತೂಕ ಒಂದು ಕಿಲೋಗ್ರಾಂಗೂ ಮಿಗಿಲು. ಅದನ್ನು ವೈದ್ಯರ ಕೋಣೆಗಾಗಿ ಮಾಡಿದ್ದರು. ಇಂದು ಅದೇ ಕೆಲಸ ಮಾಡುವ ಗ್ಲುಕೋಮೀಟರ್ ಅಂಗಿಯ ಜೇಬಿನಲ್ಲಿ ಹಿಡಿಯುತ್ತದೆ. ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯೂ ರೂಢಿಗೆ ಬಂದಿದೆ. ಈ ಪಯಣದಲ್ಲಿ ಒಂದು ಸೂತ್ರವನ್ನು ತಾವು ಗಮನಿಸಿರಬಹುದು. ಪ್ರತಿಯೊಂದು ಹೊಸ ಉಪಕರಣವೂ ಅಳತೆಯನ್ನು ಪ್ರಯೋಗಾಲಯದಿಂದ ರೋಗಿಯ ಹತ್ತಿರಕ್ಕೆ ತಂದಿತು. ಪ್ರತಿಬಾರಿಯೂ ದಾದಿಯ ಕೆಲಸ ಮುಗಿಯಿತೆಂದು ಯಾರೂ ಹೇಳಲಾಗಲಿಲ್ಲ. ಅಂಕಿ ಸಿಕ್ಕಿತು, ಅಂಕಿಯ ಅರ್ಥವನ್ನು ಹೇಳುವವರು ಬೇಕಾದರು.

ಒಂದು ಸಣ್ಣ ಉದಾಹರಣೆ. ಬೆಲ್ಲವನ್ನೋ ಹಣ್ಣನ್ನೋ ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೆ ಗ್ಲುಕೋಮೀಟರ್ ಇಲ್ಲದ ಸಕ್ಕರೆಯನ್ನು ತೋರಿಸುತ್ತದೆ. ರಕ್ತಹೀನತೆ ಇದ್ದವರಲ್ಲಿ ಗ್ಲುಕೋಮೀಟರ್ ತಪ್ಪು ಹೇಳಬಹುದು. ಕಬ್ಬಿಣಾಂಶದ ಕೊರತೆಯಿಂದ ಎಚ್‌ಬಿಎ1ಸಿಯ ಅಂಕಿಯೂ ನಿಜಕ್ಕಿಂತ ಏರಿದಂತೆ ತೋರಬಹುದು. ಯಂತ್ರವು ತನಗೆ ಕೊಟ್ಟ ಹನಿಯನ್ನು ಮಾತ್ರ ಓದುತ್ತದೆ. ಆ ಬೆರಳು ಯಾರದು, ಅದು ಈಗ ತಾನೇ ಏನನ್ನು ಮುಟ್ಟಿ ಬಂದಿದೆ, ಆ ತಾಯಿಯ ಮುಖ ಏಕೆ ಬಿಳುಚಿದೆ ಎಂಬುದನ್ನು ದಾದಿಯೇ ಓದಬೇಕು.

ಉಪಕೇಂದ್ರಕ್ಕೆ ಬಂದ ಗಣಕ

ನಮ್ಮ ರಾಜ್ಯದಲ್ಲಿ ದೂರವೈದ್ಯ ಸೇವೆಯ ಆರಂಭ 2002ರಷ್ಟು ಹಿಂದಿನದು. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಉಪಗ್ರಹದ ನೆರವಿನಿಂದ ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗೂ ಜೋಡಿಸಲಾಯಿತು. ಆಗ ಅದಕ್ಕೆ ದೊಡ್ಡ ತಟ್ಟೆಯಾಕಾರದ ಗ್ರಾಹಕ ಬೇಕಿತ್ತು. ಈಗ ಒಂದು ಸ್ಮಾರ್ಟ್‌ಫೋನು ಸಾಕು.

2010ರಲ್ಲಿ ಕೇಂದ್ರ ಸರಕಾರವು ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮತ್ತು ಪಾರ್ಶ್ವವಾಯುಗಳ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2018ರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳಾಗಿ ಉನ್ನತೀಕರಿಸುವ ಯೋಜನೆ ಬಂದಿತು. 2023ರಲ್ಲಿ ಅವುಗಳಿಗೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಹೆಸರಾಯಿತು. ಈ ಕೇಂದ್ರಗಳ ಹೊಣೆ ಹೊತ್ತ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಹೆಚ್ಚಿನವರು ನರ್ಸಿಂಗ್ ಪದವೀಧರರೇ ಎಂಬುದು ಗಮನಾರ್ಹ. ಕರ್ನಾಟಕ ಸರಕಾರವು 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ 'ಗೃಹ ಆರೋಗ್ಯ' ಯೋಜನೆಯನ್ನು ಆರಂಭಿಸಿ 2025ರಲ್ಲಿ ರಾಜ್ಯಕ್ಕೆ ವಿಸ್ತರಿಸಿತು. ಮನೆಬಾಗಿಲಿನಲ್ಲಿಯೇ ಮಧುಮೇಹ, ರಕ್ತದೊತ್ತಡಗಳ ತಪಾಸಣೆ ಅದರ ಉದ್ದೇಶ.

ಈ ವ್ಯವಸ್ಥೆ ಕೆಲಸ ಮಾಡುವ ಬಗೆ ಹೀಗಿದೆ. ಬಸವಕಲ್ಯಾಣ ಅಥವಾ ಹುಮನಾಬಾದಿನ ಹಳ್ಳಿಯೊಂದನ್ನು ಊಹಿಸಿಕೊಳ್ಳಿರಿ. ಆಶಾ ಕಾರ್ಯಕರ್ತೆ ಮನೆಗೆ ಬಂದು 30 ವರ್ಷ ಮೀರಿದವರ ವಯಸ್ಸು, ಸೊಂಟದ ಸುತ್ತಳತೆ, ತಂಬಾಕು, ಮದ್ಯ, ದೈಹಿಕ ಶ್ರಮ, ಮನೆತನದ ರೋಗಚರಿತ್ರೆಗಳನ್ನು ಕೇಳಿ ಅಂಕ ಹಾಕುತ್ತಾಳೆ. ಅಂಕ ನಾಲ್ಕನ್ನು ಮೀರಿದವರಿಗೆ ತಪಾಸಣೆಯಲ್ಲಿ ಆದ್ಯತೆ. ಉಪಕೇಂದ್ರದಲ್ಲಿ ಆರೋಗ್ಯ ಸಿಬ್ಬಂದಿ ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡುತ್ತಾರೆ. ಅದು 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರಲ್ಲಿಗೆ ಕಳುಹಿಸುತ್ತಾರೆ. ಈ ಎಲ್ಲ ವಿವರಗಳು ಟ್ಯಾಬ್ಲೆಟ್ಟಿನಲ್ಲಿ ದಾಖಲಾಗುತ್ತವೆ. ರೋಗಿಗೆ ಹದಿನಾಲ್ಕು ಅಂಕಿಗಳ ಆರೋಗ್ಯ ಗುರುತಿನ ಸಂಖ್ಯೆ ಇದ್ದರೆ ಅದಕ್ಕೆ ಜೋಡಿಸುತ್ತಾರೆ. ವೈದ್ಯರು ದೂರವಿದ್ದರೆ 'ಇ-ಸಂಜೀವಿನಿ' ಎಂಬ ದೂರಸಮಾಲೋಚನೆಯ ವ್ಯವಸ್ಥೆ ಇದೆ. 2019ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ದೇಶದಾದ್ಯಂತ 30 ಕೋಟಿಗೂ ಮೀರಿ ಸಮಾಲೋಚನೆಗಳು ನಡೆದಿವೆ. 2020ರ ಮಾರ್ಚ್ 25ರಂದು, ಕೊರೋನಾ ದಿಗ್ಬಂಧನದ ಮೊದಲ ದಿನವೇ, ಹೊರಬಂದ ದೂರವೈದ್ಯದ ಮಾರ್ಗಸೂಚಿಗಳು ದಾದಿಯೂ ಆರೋಗ್ಯ ಕಾರ್ಯಕರ್ತೆಯೂ ರೋಗಿಯ ಪಕ್ಕದಲ್ಲಿ ಕುಳಿತು ವೈದ್ಯರೊಡನೆ ಮಾತನಾಡುವ ಕ್ರಮಕ್ಕೆ ಸ್ಪಷ್ಟ ಸ್ಥಾನ ನೀಡಿದವು.

ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ಒಂದು ದಿನದ ಕೂಲಿಯನ್ನು ಕಳೆದುಕೊಳ್ಳುವ ರೋಗಿಗೆ ಇದು ಸಣ್ಣ ಉಪಕಾರವೇ? ಖಂಡಿತ ಅಲ್ಲ.

ಒಂದು ಪ್ರಯೋಗ ಕಲಿಸಿದ ಪಾಠ

ಹಾಗಾದರೆ ದಾದಿಯ ಕೈಗೆ ಟ್ಯಾಬ್ಲೆಟ್ ಕೊಟ್ಟರೆ ರೋಗಿಯ ಸಕ್ಕರೆ ಇಳಿಯುವುದೇ? ಈ ಪ್ರಶ್ನೆಯನ್ನು ನಮ್ಮ ರಾಜ್ಯದಲ್ಲಿಯೇ ಶಾಸ್ತ್ರೀಯವಾಗಿ ಕೇಳಲಾಗಿದೆ. 'ಎಂ-ವೆಲ್‌ಕೇರ್' ಎಂಬ ಪ್ರಯೋಗವನ್ನು ಕರ್ನಾಟಕ ಮತ್ತು ಹರಿಯಾಣದ 40 ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ, ಸುಮಾರು 3,700 ಮಂದಿ ರಕ್ತದೊತ್ತಡ ಮತ್ತು ಮಧುಮೇಹದ ರೋಗಿಗಳ ಮೇಲೆ ನಡೆಸಲಾಯಿತು. ಅರ್ಧ ಕೇಂದ್ರಗಳಲ್ಲಿ ದಾದಿಯು ರೋಗಿಯ ವಿವರಗಳನ್ನು ಟ್ಯಾಬ್ಲೆಟ್ಟಿನಲ್ಲಿ ತುಂಬುವಳು, ತಂತ್ರಾಂಶವು ಚಿಕಿತ್ಸೆಯ ಸಲಹೆಯನ್ನು ಸಿದ್ಧಪಡಿಸುವುದು, ವೈದ್ಯರು ಅದನ್ನು ನೋಡಿ ನಿರ್ಧರಿಸುವರು, ರೋಗಿಗೆ ಮೊಬೈಲ್ ಸಂದೇಶಗಳು ಹೋಗುವವು. ಉಳಿದ ಕೇಂದ್ರಗಳಲ್ಲಿ ಟ್ಯಾಬ್ಲೆಟ್ ಇಲ್ಲ. ಆದರೆ ಅಲ್ಲಿಯೂ ಸಿಬ್ಬಂದಿಗೆ ತರಬೇತಿ, ಚಿಕಿತ್ಸೆಯ ಮಾರ್ಗದರ್ಶಿ ಪಟಗಳು ದೊರೆತಿದ್ದವು.

ಒಂದು ವರ್ಷದ ನಂತರದ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. ಎರಡೂ ಕಡೆ ರೋಗಿಗಳು ಸುಧಾರಿಸಿದ್ದರು. ಆದರೆ ಎರಡರ ನಡುವೆ ರಕ್ತದೊತ್ತಡದಲ್ಲಾಗಲಿ, ಎಚ್‌ಬಿಎ1ಸಿಯಲ್ಲಾಗಲಿ ಎಣಿಸಬಹುದಾದ ವ್ಯತ್ಯಾಸ ಕಾಣಲಿಲ್ಲ!

ಯಂತ್ರ ವ್ಯರ್ಥವೆಂದು ಇದರಿಂದ ತೀರ್ಮಾನಿಸಬೇಕೇ? ಹಾಗೆ ತೀರ್ಮಾನಿಸುವುದು ಅವಸರದ ಮಾತಾದೀತು. ತರಬೇತಿ ಪಡೆದ ಸಿಬ್ಬಂದಿ, ಗುರುತು ಹಿಡಿದು ದಾಖಲಿಸಿದ ರೋಗಿ, ಮತ್ತೆ ಬರುವಂತೆ ಹೇಳುವ ವ್ಯವಸ್ಥೆ, ಇವು ಎರಡೂ ಕಡೆ ಇದ್ದವು. ಅವುಗಳ ಮೇಲೆ ಯಂತ್ರವು ಹೆಚ್ಚಿನದೇನನ್ನೂ ಸೇರಿಸಲಾಗಲಿಲ್ಲ. ನನಗೆ ತೋರುವ ಪಾಠ ಇಷ್ಟು: ಸಜ್ಜಾದ ಮನುಷ್ಯರಿದ್ದಲ್ಲಿ ಯಂತ್ರ ಸಹಾಯಕ, ಮನುಷ್ಯರೇ ಇಲ್ಲದಲ್ಲಿ ಯಂತ್ರ ಪರಿಹಾರವಲ್ಲ. ಖಾಲಿ ಬಿದ್ದ ದಾದಿಯ ಹುದ್ದೆಯನ್ನು ಟ್ಯಾಬ್ಲೆಟ್ಟಿನಿಂದ ತುಂಬಲು ಬಾರದು.

ಇನ್ನೊಂದು ಅಪಾಯವನ್ನೂ ಮರೆಮಾಚಬಾರದು. ದಾಖಲಿಸುವ ಕೆಲಸವೇ ಆರೈಕೆಯ ಸಮಯವನ್ನು ನುಂಗಿಬಿಡಬಹುದು. ಒಂದೇ ವಿವರವನ್ನು ಪುಸ್ತಕದಲ್ಲಿ ಒಮ್ಮೆ, ಪರದೆಯಲ್ಲಿ ಮತ್ತೊಮ್ಮೆ ಬರೆಯಬೇಕಾದ ಸ್ಥಿತಿ ಅನೇಕ ಕಡೆ ಇದೆ. ಜಾಲಸಂಪರ್ಕ ಕಡಿದಾಗ ದಿನದ ಕೆಲಸ ಮನೆಗೆ ಹೋಗುತ್ತದೆ, ರಾತ್ರಿಯ ನಿದ್ದೆಯನ್ನು ತಿನ್ನುತ್ತದೆ. 2025ರ ಜನವರಿಯಲ್ಲಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕುಳಿತ ಆಶಾ ಕಾರ್ಯಕರ್ತೆಯರ ಬೇಡಿಕೆ ತಿಂಗಳಿಗೆ 15,000 ರೂಪಾಯಿಗಳ ಗೌರವಧನ. ಮಾಡಿದ ಕೆಲಸವು ಜಾಲತಾಣದ ದಾಖಲೆಯ ದೋಷದಿಂದ ಪ್ರೋತ್ಸಾಹಧನವಾಗಿ ಕೈಸೇರುವುದಿಲ್ಲ ಎಂಬುದು ಅವರ ಬಹುಕಾಲದ ದೂರು. ದತ್ತಾಂಶವನ್ನು ತುಂಬುವ ಕೈಗೆ ಊಟವಿದೆಯೇ ಎಂದು ಕೇಳದ ತಂತ್ರಜ್ಞಾನ ಯಾರ ಕಲ್ಯಾಣಕ್ಕೆ?

ಕೊನೆಯದಾಗಿ, ಗುಟ್ಟಿನ ಪ್ರಶ್ನೆ. ರೋಗಿಯ ವಿವರ ಅವನದೇ ಸ್ವತ್ತು. ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದು 2023ರಲ್ಲಿ ಸಂಸತ್ತು ಕಾಯಿದೆಯನ್ನೂ ಮಾಡಿತು. ಆದರೆ ಇಂಗ್ಲಿಷಿನ ಪರದೆಯ ಮೇಲೆ ಮೂಡಿದ ಒಪ್ಪಿಗೆಯ ಮಾತನ್ನು ಕನ್ನಡದಲ್ಲೋ ಮರಾಠಿಯಲ್ಲೋ ದಖನಿಯಲ್ಲೋ ವಿವರಿಸಿ, ಒಪ್ಪಿಗೆಯನ್ನು ನಿಜವಾದ ಒಪ್ಪಿಗೆಯಾಗಿಸುವುದು ದಾದಿಯ ನಾಲಿಗೆಯೇ.

ಛತ್ರದವನ ಕೆಲಸ

ಪ್ರಿಯ ಓದುಗರೇ, ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ಬರುವ ಸದಯ ಸಮಾರಿತನ ಸಾಮತಿಯನ್ನು ನಾವು ಎಷ್ಟು ಬಾರಿ ಕೇಳಿಲ್ಲ! ನಮ್ಮ ಪ್ರಬೋಧನೆಗಳೆಲ್ಲ ಹೆಚ್ಚಾಗಿ ದಾರಿಯ ಮೇಲೆಯೇ ನಿಂತುಬಿಡುತ್ತವೆ: ಗಾಯಗೊಂಡವನು, ಹಾದುಹೋದ ಯಾಜಕ, ಎಣ್ಣೆ ಮತ್ತು ದ್ರಾಕ್ಷಾರಸ ಸುರಿದು ಗಾಯ ಕಟ್ಟಿದ ಸಮಾರಿತ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಸಮಾರಿತನು ಅವನನ್ನು ಛತ್ರಕ್ಕೆ ಕರೆದೊಯ್ಯುತ್ತಾನೆ. ಮರುದಿನ ಛತ್ರದವನಿಗೆ ಎರಡು ನಾಣ್ಯಗಳನ್ನು ಕೊಟ್ಟು ಆರೈಕೆಯನ್ನು ಒಪ್ಪಿಸುತ್ತಾನೆ. ಹೆಚ್ಚಿನ ಖರ್ಚಾದರೆ ತಾನು ಹಿಂದಿರುಗುವಾಗ ತೀರಿಸುವುದಾಗಿ ಮಾತು ಕೊಡುತ್ತಾನೆ. ಸ್ವತಃ ವೈದ್ಯನಾಗಿದ್ದನೆಂದು ನಂಬಲಾದ ಲೂಕನೊಬ್ಬನೇ ಈ ವಿವರವನ್ನು ನಮಗೆ ಉಳಿಸಿಕೊಟ್ಟಿರುವುದು ಆಕಸ್ಮಿಕವಿರಲಾರದು.

ಮಧುಮೇಹವು ದಾರಿಯ ಮೇಲಿನ ಗಾಯವಲ್ಲ, ಛತ್ರದ ವಾಸ. ಅಲ್ಲಿ ಬೇಕಾದುದು ಒಂದು ದಿನದ ವೀರಕಾರ್ಯಕ್ಕಿಂತ ಹೆಚ್ಚಾಗಿ ಮರುದಿನದ, ಮರುತಿಂಗಳ, ಮರುವರ್ಷದ ಆರೈಕೆ. ಅಲ್ಲಿ ಲೆಕ್ಕವೂ ಬೇಕು, ಮರಳಿ ಬರುವ ಮಾತೂ ಬೇಕು. ಡಿಜಿಟಲ್ ತಂತ್ರಜ್ಞಾನದ ನಿಜವಾದ ಬೆಲೆ ನನಗೆ ಕಾಣುವುದು ಇಲ್ಲಿಯೇ. ಭಾರತದ ಹಲವು ರಾಜ್ಯಗಳಲ್ಲಿ ರಕ್ತದೊತ್ತಡದ ನಿಯಂತ್ರಣಕ್ಕಾಗಿ ಬಳಸಿದ 'ಸಿಂಪಲ್' ಎಂಬ ತಂತ್ರಾಂಶವನ್ನೇ ನೋಡಿರಿ. ಅದು ದಾದಿಯಿಂದ ಕೆಲವೇ ಸೆಕೆಂಡುಗಳ ದಾಖಲೆಯನ್ನು ಬೇಡುತ್ತದೆ. ಪ್ರತಿಯಾಗಿ ಅದು ಕೊಡುವ ಅತ್ಯಮೂಲ್ಯ ವಸ್ತು ಒಂದು ಹೆಸರುಗಳ ಪಟ್ಟಿ: ಬರಬೇಕಾದ ದಿನ ಬಾರದೆ ಉಳಿದವರ ಪಟ್ಟಿ. ದಾದಿ ಆ ಪಟ್ಟಿಯನ್ನು ಹಿಡಿದು ಒಬ್ಬೊಬ್ಬರಿಗೂ ಕರೆ ಮಾಡುತ್ತಾಳೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸುವ ಕುರುಬನಿಗೆ ಮೊದಲು ಎಣಿಸಲು ಬರಬೇಕಿತ್ತಲ್ಲವೇ? ಎಣಿಸದವನಿಗೆ ಒಂದು ಕಡಿಮೆಯಾದದ್ದು ತಿಳಿಯುವುದಾದರೂ ಹೇಗೆ? ಎಣಿಕೆಯಲ್ಲಿ ತಪ್ಪಿಲ್ಲ. ಎಣಿಸಿದ ಮೇಲೆ ಅರಸಿ ಹೊರಡದಿರುವುದೇ ತಪ್ಪು.

ವಿಶ್ವಾಸ ಸಿದ್ಧಾಂತಕ್ಕಾಗಿರುವ ವ್ಯಾಟಿಕನ್ನಿನ ಪೀಠವು ಮತ್ತೊಂದು ಪೀಠದೊಡನೆ ಸೇರಿ 2025ರ ಜನವರಿ 28ರಂದು ಕೃತಕ ಬುದ್ಧಿಮತ್ತೆಯನ್ನು ಕುರಿತು 'ಅಂತಿಕ್ವಾ ಎತ್ ನೋವಾ' ಎಂಬ ದಾಖಲೆಯನ್ನು ಪ್ರಕಟಿಸಿತು. ಆರೋಗ್ಯ ಕ್ಷೇತ್ರದಲ್ಲಿ ಅದರ ಉಪಕಾರವನ್ನು ಅದು ಮನ್ನಿಸಿದೆ. ರೋಗಿಗೂ ಆರೈಕೆ ಮಾಡುವವರಿಗೂ ನಡುವಿನ ಸಂಬಂಧದ ಜಾಗಕ್ಕೆ ಯಂತ್ರ ಬಂದು ಕೂರಬಾರದೆಂದು ಎಚ್ಚರಿಸಿಯೂ ಇದೆ. ಚರಕನು ಹೇಳಿದ ಅನುರಾಗವೂ, ಕಲ್ಯಾಣದ ಶರಣರು ಹೇಳಿದ ದಾಸೋಹವೂ, ಯೇಸುಸ್ವಾಮಿ ತೋರಿದ ಕರುಣೆಯೂ ಸೇರುವ ತಾಣವಿದು.

ನಾವು ಮಾಡಬಹುದಾದದ್ದೇನು? ನಮ್ಮ ಧರ್ಮಕೇಂದ್ರಗಳಲ್ಲಿ ಪ್ರತಿವರ್ಷ ಫೆಬ್ರವರಿ 11ರಂದು ವಿಶ್ವ ರೋಗಿಗಳ ದಿನವನ್ನೂ, ಮೇ 12ರಂದು ದಾದಿಯರ ದಿನವನ್ನೂ ನೆನೆಯುತ್ತೇವೆ. ನವೆಂಬರ್ 14, ಬಾಂಟಿಂಗ್ ಅವರ ಜನ್ಮದಿನ, ವಿಶ್ವ ಮಧುಮೇಹ ದಿನವೂ ಹೌದು. ಆ ದಿನಗಳಂದು ಹೂಗುಚ್ಛ ಕೊಟ್ಟು ಸುಮ್ಮನಾಗದೆ, ನಮ್ಮ ಊರಿನ ಉಪಕೇಂದ್ರದ ದಾದಿಯನ್ನು ಕರೆದು ಅವಳ ಮಾತನ್ನು ಕೇಳಬಹುದು. ಮೊಬೈಲ್ ಬಳಸಬಲ್ಲ ನಮ್ಮ ಯುವಜನರು ಬಳಸಲಾರದ ಹಿರಿಯರ ಪಕ್ಕದಲ್ಲಿ ಕುಳಿತು ನೆರವಾಗಬಹುದು. ಬರಬೇಕಾದ ದಿನ ಬಾರದವರ ಮನೆಗೆ, ಅವರ ಅನುಮತಿ ಪಡೆದು, ನೆರೆಯವರಾಗಿ ಹೋಗಿ ವಿಚಾರಿಸಬಹುದು. ಹಬ್ಬದ ಪಂಕ್ತಿಯಲ್ಲಿ ಸಿಹಿ ಬೇಡವೆಂದವರನ್ನು ಬಲವಂತಪಡಿಸದಿರುವುದೂ ಸೇವೆಯೇ.

ಮಧುಮೇಹಿಯ ಪಾದವನ್ನು ದಿನವೂ ಪರೀಕ್ಷಿಸಬೇಕೆಂದು ವೈದ್ಯಶಾಸ್ತ್ರ ಹೇಳುತ್ತದೆ. ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ. ಆ ಸಣ್ಣ ಗಾಯವೇ ಕೊನೆಗೆ ಕಾಲನ್ನು ಕತ್ತರಿಸುವ ಸ್ಥಿತಿಗೆ ಒಯ್ಯಬಹುದು. ಹೊಲದಲ್ಲಿ ಬರಿಗಾಲಿನಲ್ಲಿ ದುಡಿದ ಆ ಪಾದದ ಮುಂದೆ ದಾದಿಯೊಬ್ಬಳು ಕುಳಿತು, ಟ್ಯಾಬ್ಲೆಟ್ಟನ್ನು ಪಕ್ಕಕ್ಕಿರಿಸಿ, ಬೆರಳುಗಳ ಸಂದುಗಳನ್ನು ಬಿಡಿಸಿ ನೋಡಬೇಕಾಗುತ್ತದೆ. ಶಿಷ್ಯರ ಪಾದಗಳನ್ನು ತೊಳೆದ ಪ್ರಭುವನ್ನು ಆರಾಧಿಸುವ ನಮಗೆ ಆ ಕೆಲಸದ ಹಿರಿಮೆಯನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಅದನ್ನು ಮಾಡಲು ಅವಳಿಗೆ ಸಮಯ ಉಳಿಸಿಕೊಡುವ ಯಂತ್ರವನ್ನು ಸ್ವಾಗತಿಸೋಣ. ಆ ಸಮಯವನ್ನು ಕಸಿಯುವ ಯಂತ್ರವಾದರೆ, ಅವಳ ಪರವಾಗಿ ದನಿಯೆತ್ತೋಣ.